ಮಾತಿಗೆ ಜಾಗ ಬಿಡುವ ಕೆಲಸ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೃಷ್ಣನೂ ಪಂಚೆ–ಶಲ್ಯದಲ್ಲಿ, ಕೌರವನೂ ಪಂಚೆ–ಶಲ್ಯದಲ್ಲಿ. ಭಾಗವತರ ಪದ್ಯ, ಚೆಂಡೆ–ಮದ್ದಳೆ, ಅರ್ಥಧಾರಿಗಳ ಮಾತು ಇಷ್ಟೇ ಅದರ ಸಂಪತ್ತು. ಕಣ್ಣು ಮುಚ್ಚಿ ಕೇಳಿದರೂ ಪ್ರಸಂಗ ಪೂರ್ತಿ ದಕ್ಕಬೇಕು. ಆದರೂ ಇವತ್ತು ಮೊಬೈಲಿನಲ್ಲಿ ಹರಿದಾಡುವ ಎಷ್ಟೋ ಕೂಟಗಳ ರೆಕಾರ್ಡಿಂಗ್‌ನಲ್ಲಿ ಚೆಂಡೆ ಕಿವಿಗೆ ಬಡಿಯುತ್ತದೆ, ಪದ್ಯದ ಸಾಹಿತ್ಯ ತಿಳಿಯುವುದಿಲ್ಲ, ಅರ್ಥಧಾರಿ ದನಿ ತಗ್ಗಿಸಿದ ಕ್ಷಣವೇ ಮಾತು ಕಳೆದುಹೋಗುತ್ತದೆ. ಎಲ್ಲ ದನಿಯೂ ಒಂದೇ ಮೈಕಿನಿಂದ ಒಂದೇ ಟ್ರ್ಯಾಕಿಗೆ ಬಿದ್ದರೆ ಆಮೇಲೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ.

ಒಬ್ಬೊಬ್ಬರಿಗೂ ಒಂದೊಂದು ಟ್ರ್ಯಾಕ್ ಎಂಬ ಅನುಕೂಲ ಒಂದು ಕಾಲದಲ್ಲಿ ದೊಡ್ಡ ಸ್ಟುಡಿಯೊಗಳ ಸೊತ್ತಾಗಿತ್ತು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1957ರಲ್ಲಿ ಆಂಪೆಕ್ಸ್ ಕಂಪನಿಯಿಂದ ಎಂಟು ಟ್ರ್ಯಾಕಿನ ಟೇಪ್ ಯಂತ್ರ ತರಿಸಿಕೊಂಡ. ಹತ್ತು ವರ್ಷ ಕಳೆದ ಮೇಲೂ ಬೀಟಲ್ಸ್ ತಂಡ 'ಸಾರ್ಜೆಂಟ್ ಪೆಪ್ಪರ್' ಆಲ್ಬಂ ಮಾಡಿದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲೇ. ನಾಲ್ಕೂ ತುಂಬಿದ ಮೇಲೆ ಅವನ್ನು ಕೂಡಿಸಿ ಇನ್ನೊಂದು ಯಂತ್ರಕ್ಕೆ ಇಳಿಸಿ ಜಾಗ ಮಾಡಿಕೊಳ್ಳಬೇಕಿತ್ತು. ಒಮ್ಮೆ ಕೂಡಿಸಿದ್ದನ್ನು ಮತ್ತೆ ಬಿಡಿಸುವಂತಿರಲಿಲ್ಲ. 2000ದಲ್ಲಿ ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯದ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ 'ಆಡಾಸಿಟಿ' ಎಂಬ ಧ್ವನಿ ಸಂಪಾದನೆಯ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಸಾಧಾರಣ ಲ್ಯಾಪ್‌ಟಾಪ್ ಇದ್ದವರೂ ಈಗ ಕೂಟವೊಂದನ್ನು ಐದಾರು ಟ್ರ್ಯಾಕಿನಲ್ಲಿ ಹರವಿ ಕೂರಬಹುದು.

ಮೊದಲು ಎದುರಾಗುವುದು ಕಾಲದ ಲೆಕ್ಕ. ಎರಡು ಬೇರೆ ರೆಕಾರ್ಡರ್ ಇಟ್ಟಿದ್ದರೆ ಅವುಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿ ಹೊಂದಿಸಿದರೂ ತಾಸು ಕಳೆಯುವಷ್ಟರಲ್ಲಿ ಹತ್ತಾರು ಮಿಲಿಸೆಕೆಂಡ್ ಅಂತರ ಬಿದ್ದಿರುತ್ತದೆ, ತಾಳ ಎರಡೆರಡಾಗಿ ಕೇಳುತ್ತದೆ. ಎಲ್ಲ ಮೈಕನ್ನೂ ಒಂದೇ ಉಪಕರಣಕ್ಕೆ ಜೋಡಿಸಿದರೆ ಈ ತಾಪತ್ರಯ ಇಲ್ಲ. ಆದರೆ ಇನ್ನೊಂದಿದೆ. ಚೆಂಡೆಯ ಪೆಟ್ಟು ಚೆಂಡೆಯ ಮೈಕಿಗಷ್ಟೇ ಅಲ್ಲ, ಭಾಗವತರ ಮೈಕಿಗೂ ಬೀಳುತ್ತದೆ, ಅದೂ ತಡವಾಗಿ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದೇ ಪೆಟ್ಟಿನ ಈ ಎರಡು ಪ್ರತಿಗಳು ಕೂಡಿದಾಗ ಕೆಲವು ಕಂಪನಗಳು ಒಂದನ್ನೊಂದು ಅಳಿಸಿ ನಾದ ಟೊಳ್ಳಾಗುತ್ತದೆ. ಅಲೆಗಳನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ ಒಂದು ಟ್ರ್ಯಾಕನ್ನು ಆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಚೆಂಡೆಗೆ ಮೈ ಮರಳಿ ಬರುತ್ತದೆ. ಎಷ್ಟೋ ಸಲ ಚೆಂಡೆಯ ಮೈಕನ್ನು ಪೂರ್ತಿ ಮುಚ್ಚಿದರೂ ಸಾಕು. ಭಾಗವತರ ಮೈಕಿಗೆ ಬಿದ್ದ ಚೆಂಡೆಯೇ ಧಾರಾಳ.

ಮಿಕ್ಸಿಂಗ್ ಎಂದರೆ ಏರಿಸುವುದು ಎಂದು ಹೊಸಬರು ತಿಳಿಯುತ್ತಾರೆ. ಪದ್ಯ ಕೇಳಿಸದಿದ್ದರೆ ಭಾಗವತರನ್ನು ಏರಿಸುತ್ತಾರೆ, ಆಗ ಮದ್ದಳೆ ಸಣ್ಣದಾಯಿತೆಂದು ಅದನ್ನೂ ಏರಿಸುತ್ತಾರೆ, ಕೊನೆಗೆ ಎಲ್ಲವೂ ಕೆಂಪು ಗೆರೆ ಮುಟ್ಟಿ ದನಿ ಒಡೆಯುತ್ತದೆ. ಇಳಿಸುವುದೇ ಸರಿಯಾದ ದಾರಿ. ಕನ್ನಡದ ವ್ಯಂಜನಗಳು ಸ್ಪಷ್ಟವಾಗಿ ಕೇಳಿಸಲು 2,000ದಿಂದ 4,000 ಹರ್ಟ್ಸ್ ನಡುವಿನ ಭಾಗ ಬಹಳ ಮುಖ್ಯ. ಚೆಂಡೆಯ ಕೋಲಿನ ಚುರುಕೂ ಅಲ್ಲಿಯೇ ಬಂದು ಕೂರುತ್ತದೆ. ಈಕ್ವಲೈಜರ್‌ನಲ್ಲಿ ಚೆಂಡೆಯ ಆ ಭಾಗವನ್ನು ಎರಡು ಮೂರು ಡೆಸಿಬೆಲ್ ತಗ್ಗಿಸಿ ನೋಡಿ. ಭಾಗವತರ ಟ್ರ್ಯಾಕನ್ನು ಮುಟ್ಟದೆಯೇ ಸಾಹಿತ್ಯ ಮೇಲೆದ್ದು ಬರುತ್ತದೆ. ಮಾತಿನ ಟ್ರ್ಯಾಕುಗಳಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಹಾಕಿದರೆ ಫ್ಯಾನಿನ, ಜನರೇಟರಿನ ಗುಡುಗು ಬಹುಪಾಲು ಹೋಗುತ್ತದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ತಗ್ಗುತ್ತದೆ, 100 ಮತ್ತು 150ರಲ್ಲಿರುವ ಅದರ ಮರಿಗಳನ್ನು ಮಾತ್ರ ಬೇರೆಯಾಗಿ ಹಿಡಿಯಬೇಕು.

ಪದ್ಯ ಮುಗಿದು ಅರ್ಥ ಶುರುವಾದಾಗ ಹಿಮ್ಮೇಳದ ಮೈಕುಗಳು ಸುಮ್ಮನೆ ತೆರೆದಿದ್ದರೆ ಸಭೆಯ ಕೆಮ್ಮು, ಕುರ್ಚಿಯ ಸದ್ದು, ಮಾತಿನ ಮಸುಕು ನೆರಳು ಎಲ್ಲವೂ ಸೇರಿಕೊಳ್ಳುತ್ತವೆ. ಆಡಾಸಿಟಿಯ ಎನ್ವಲಪ್ ಸಾಧನದಿಂದ ಅಲ್ಲಲ್ಲಿ ಗುರುತು ಹಾಕಿ ಅವನ್ನು ಇಳಿಸುತ್ತ ಏರಿಸುತ್ತ ಹೋಗಬೇಕು. ಮೂರು ತಾಸಿನ ಪ್ರಸಂಗಕ್ಕೆ ಇದು ಬೇಸರದ ಕೆಲಸ. ಆದರೆ ಕೇಳುವವರಿಗೆ ವ್ಯತ್ಯಾಸ ತಿಳಿಯುವುದು ಇದರಿಂದಲೇ.

ಎರಡು ಗುಂಡಿಗಳ ಬಗ್ಗೆ ನನ್ನ ತಕರಾರಿದೆ. ಒಂದು ಗದ್ದಲ ತೆಗೆಯುವುದು. ಮಿತಿ ಮೀರಿ ಬಳಸಿದರೆ ಅರ್ಥಧಾರಿ ನೀರೊಳಗೆ ಕೂತು ಮಾತಾಡಿದಂತೆ ಕೇಳುತ್ತದೆ. ಅದಕ್ಕಿಂತ ಸ್ವಲ್ಪ ಫ್ಯಾನಿನ ಸದ್ದೇ ವಾಸಿ. ಇನ್ನೊಂದು ಮೌನ ಕತ್ತರಿಸುವುದು. ಪಾಡ್‌ಕಾಸ್ಟ್‌ಗೆ ಅದು ಒಪ್ಪಬಹುದು. ತಾಳಮದ್ದಳೆಯಲ್ಲಿ ಮಾತ್ರ ಅದನ್ನು ಮುಟ್ಟಲೇಬಾರದು. ಎದುರಾಳಿಯ ಪ್ರಶ್ನೆಗೆ ಕರ್ಣ ತಕ್ಷಣ ಉತ್ತರಿಸದೆ ತಡೆದರೆ ಆ ತಡೆಯೂ ಅರ್ಥಗಾರಿಕೆಯ ಭಾಗವೇ. ಸಭೆ ಉಸಿರು ಬಿಗಿಹಿಡಿದದ್ದು ಅಲ್ಲಿ. ಯಂತ್ರಕ್ಕೆ ಅದು ಬರೀ ಖಾಲಿ ಜಾಗ.

ವಾದ ಮಾಡುವ ಇಬ್ಬರನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಕೂರಿಸಿದರೆ ಹೆಡ್‌ಫೋನಿನಲ್ಲಿ ಸಂವಾದ ಕಣ್ಣಿಗೆ ಕಟ್ಟುತ್ತದೆ. ಆದರೆ ಬಹಳ ಜನ ಕೇಳುವುದು ಅಡುಗೆಮನೆಯಲ್ಲಿಟ್ಟ ಫೋನಿನ ಒಂದೇ ಸ್ಪೀಕರಿನಲ್ಲಿ. ಮುಗಿಸುವ ಮೊದಲು ಮೋನೊದಲ್ಲಿ, ಸಣ್ಣ ದನಿಯಲ್ಲಿ, ಒಮ್ಮೆ ಪೂರ್ತಿ ಕೇಳಲೇಬೇಕು.

ಹಳೆಯ ಕ್ಯಾಸೆಟ್‌ಗಳ ಮಾತೇ ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ ನಮಗೆ ಉಳಿದಿರುವುದೇ ಅವುಗಳಿಂದ. ಅಲ್ಲಿ ಬಿಡಿ ಟ್ರ್ಯಾಕುಗಳಿಲ್ಲ. ಆದರೆ ಬೀಟಲ್ಸ್ ತಂಡದ ಜಾನ್ ಲೆನನ್ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ಹಾಡೊಂದರಿಂದ ಆತನ ಕಂಠವನ್ನು ಪಿಯಾನೊದಿಂದ ಬೇರ್ಪಡಿಸಿ 2023ರಲ್ಲಿ 'ನೌ ಆ್ಯಂಡ್ ದೆನ್' ಹೊರತಂದದ್ದು ಕಂಪ್ಯೂಟರಿಗೆ ದನಿಗಳ ಗುರುತು ಕಲಿಸಿದ ತಂತ್ರಾಂಶದ ನೆರವಿನಿಂದ. ಅಂಥ ಸಾಧನಗಳು ಈಗ ಸಾಮಾನ್ಯರಿಗೂ ಸಿಗುತ್ತಿವೆ. ಅವಕ್ಕೆ ಪಾಶ್ಚಾತ್ಯ ಡ್ರಮ್ಸ್ ಚೆನ್ನಾಗಿ ಗೊತ್ತು. ಚೆಂಡೆ, ಮದ್ದಳೆ, ಚಕ್ರತಾಳ ಗೊತ್ತಾಗಬೇಕಾದರೆ ಅವುಗಳ ಶುದ್ಧವಾದ ಬಿಡಿ ಧ್ವನಿಮುದ್ರಣ ಬೇಕು. ಹಾಗಾಗಿ ಇಂದು ಕೂಟ ರೆಕಾರ್ಡ್ ಮಾಡುವವರು ಎಂಪಿ3 ಹಂಚಿದ ಮೇಲೆ ಮೂಲ ಟ್ರ್ಯಾಕುಗಳನ್ನು ಅಳಿಸಬಾರದು. ಪ್ರಸಂಗ, ಕಲಾವಿದರು, ದಿನಾಂಕ, ಯಾವ ಮೈಕು ಯಾರದು ಎಂಬುದನ್ನು ಬರೆದು, ವೇವ್ ಕಡತಗಳನ್ನು ಎರಡು ಬೇರೆ ಡಿಸ್ಕಿನಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಬೇಕು.