ಗೋಡೆಯಾಚೆಯ ಅಜ್ಜಿ ಮತ್ತು ಮಗಳ ಗಿಟಾರ್ ಪೆಡಲ್

ಮ್ಯಾಂಚೆಸ್ಟರ್‌ನಲ್ಲಿ ನಮ್ಮದು ಸಾಲುಮನೆ. ಗೋಡೆಯಾಚೆ ಎಂಬತ್ತು ದಾಟಿದ ಅಜ್ಜಿ, ಈಚೆ ಎಲೆಕ್ಟ್ರಿಕ್ ಗಿಟಾರ್ ಹಿಡಿದ ನನ್ನ ಮಗಳು. ಕಳೆದ ಚಳಿಗಾಲದಲ್ಲಿ ಅವಳಿಗೆಂದು ನಾನೇ ಬೆಸುಗೆ ಹಾಕಿ ಒಂದು ಫಜ್ ಪೆಡಲ್ ಮಾಡಿಕೊಟ್ಟೆ. ಗಿಟಾರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಕೂತು ನಾದವನ್ನು ಒರಟಾಗಿಸುವ ಪುಟ್ಟ ಡಬ್ಬಿ ಅದು. 1966ರಲ್ಲಿ ಲಂಡನ್‌ನಲ್ಲಿ ಬಂದ, ಜಿಮಿ ಹೆಂಡ್ರಿಕ್ಸ್ ಬಳಸಿದ ಫಜ್ ಫೇಸ್‌ನ ಮಾದರಿ. ಒಳಗಿರುವುದು ಎರಡೇ ಟ್ರಾನ್ಸಿಸ್ಟರ್.

ಪೆಡಲ್ ಚೆನ್ನಾಗಿಯೇ ಹಾಡಿತು. ತಕರಾರು ವಾಲ್ಯೂಮ್ ನಾಬ್‌ನದು. ತುಸು ತಿರುಗಿಸಿದರೆ ಸಾಕು, ಗೋಡೆ ಅದುರುತ್ತಿತ್ತು. ಅಲ್ಲಿಂದ ಕೊನೆಯವರೆಗೆ ತಿರುಗಿಸಿದರೂ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಎರಡನೇ ಸಂಜೆ ಅಜ್ಜಿ ಬಾಗಿಲು ತಟ್ಟಿದರು. ಬೈಯಲಿಲ್ಲ, "ನನಗೆ ಕಿವಿ ಮಂದ, ಆದರೂ ಕೇಳಿಸುತ್ತಿದೆ" ಎಂದರು ಅಷ್ಟೆ. ಮಗಳು ಗಿಟಾರನ್ನು ಚೀಲಕ್ಕೆ ಹಾಕಿಟ್ಟವಳು ವಾರವಾದರೂ ತೆಗೆಯಲಿಲ್ಲ.

ತಪ್ಪು ನನ್ನದೇ. ನಾಬ್‌ನ ಹಿಂದಿರುವ ಪೊಟೆನ್ಷಿಯೋಮೀಟರ್‌ಗೆ ಪೆಡಲ್ ಕಟ್ಟುವವರು ಪಾಟ್ ಎನ್ನುತ್ತಾರೆ. ಹಿಂದಿನ ಸಲ ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡ್‌ನಲ್ಲಿ 100 ಕಿಲೋ ಓಮ್‌ನ ಹತ್ತು ಪಾಟ್ ಕೊಂಡಿದ್ದೆ. ಮೇಲಿದ್ದ 'ಬಿ' ಅಕ್ಷರದ ಕಡೆ ಗಮನ ಕೊಟ್ಟಿರಲಿಲ್ಲ. ಸಾಮಾನ್ಯವಾಗಿ 'ಬಿ' ಎಂದರೆ ಲೀನಿಯರ್, 'ಎ' ಎಂದರೆ ಲಾಗ್. ಲೀನಿಯರ್ ಪಾಟ್ ಅರ್ಧ ತಿರುಗಿಸಿದರೆ ಅರ್ಧ ವೋಲ್ಟೇಜ್ ಬಿಡುತ್ತದೆ. ಕಿವಿಯ ಲೆಕ್ಕ ಬೇರೆ. ವೋಲ್ಟೇಜ್ ಅರ್ಧವಾದರೆ ಇಳಿಯುವುದು 6 ಡೆಸಿಬೆಲ್ ಮಾತ್ರ; ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು.

ಲಾಗ್ ಪಾಟ್ ತರಿಸಬಹುದಿತ್ತು. ಆದರೆ ಉಳಿದ ಒಂಬತ್ತನ್ನು ಏನು ಮಾಡಲಿ? ಇದಕ್ಕೊಂದು ಹಳೆಯ ಉಪಾಯವಿದೆ. ಪಾಟ್‌ನ ಮೂರು ಕಾಲುಗಳಲ್ಲಿ ನಡುವಿನದಕ್ಕೂ ಗ್ರೌಂಡ್ ಕಾಲಿಗೂ 15 ಕಿಲೋ ಓಮ್‌ನ ರೆಸಿಸ್ಟರ್ ಬೆಸೆಯುವುದು. ನಾಬ್ ನಟ್ಟನಡುವೆ ಇದ್ದಾಗ ಕೆಳಗಿನ 50 ಕಿಲೋ ಓಮ್ ಇದರ ಜೊತೆ ಸೇರಿ ಸುಮಾರು 11.5ಕ್ಕೆ ಇಳಿಯುತ್ತದೆ, ಮೇಲಿನ 50 ಹಾಗೆಯೇ ಇರುತ್ತದೆ. ಹೊರಬರುವುದು ಶೇ 50ರ ಬದಲು ಶೇ 19ರಷ್ಟು. ಲಾಗ್ ಪಾಟ್‌ನ ನಡತೆಗೆ ಹತ್ತಿರ ಬಂತು.

ಕೆಲಸ ಮುಗಿಯಿತು ಅಂದುಕೊಂಡೆ. ನುಡಿಸಿದರೆ ದಪ್ಪ ತಂತಿಯ ಸ್ವರ ತೆಳ್ಳಗಾಗಿತ್ತು! ನಾಬನ್ನು ಪೂರ್ತಿ ತಿರುಗಿಸಿದಾಗ ಆ 15 ಕಿಲೋ ಓಮ್ ಇಡೀ ಪಾಟ್‌ಗೆ ಸಮಾಂತರವಾಗುತ್ತದೆ. ಹಿಂದಿನ ಟ್ರಾನ್ಸಿಸ್ಟರ್‌ಗೆ 100ರ ಜಾಗದಲ್ಲಿ ಕಾಣುವುದು ಬರೀ 13. ಹೊರೆ ಇಷ್ಟು ಹೆಚ್ಚಿದರೆ ಪಾಟ್‌ಗೆ ಮುಂಚಿನ 0.01 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಮಂದ್ರ ಸ್ವರಗಳನ್ನು ತಡೆದುಬಿಡುತ್ತದೆ. ಅದನ್ನು ಕಿತ್ತು 0.1 ಹಾಕಿದೆ, ಮಂದ್ರ ಮರಳಿತು. ಒಟ್ಟು ಸದ್ದು ಸ್ವಲ್ಪ ತಗ್ಗಿದ್ದು ಮಾತ್ರ ಹಾಗೇ ಉಳಿಯಿತು. ನಮ್ಮ ಮನೆಗೆ ಅದು ನಷ್ಟವೇನಲ್ಲ ಬಿಡಿ.

ನೀವೂ ಪೆಡಲ್ ಕಟ್ಟುವವರಾದರೆ ಪಾಟ್ ಮೇಲಿನ ಅಕ್ಷರವನ್ನೇ ನಂಬಬೇಡಿ, ಎಲ್ಲ ತಯಾರಕರದೂ ಒಂದೇ ಕ್ರಮವಲ್ಲ. ಅರ್ಧಕ್ಕೆ ತಿರುಗಿಸಿ ಮಲ್ಟಿಮೀಟರ್ ಹಿಡಿಯಿರಿ. ಎರಡೂ ಕಡೆ ಸಮ ಬಂದರೆ ಲೀನಿಯರ್.

ಈಗ ಸಂಜೆ ಏಳರ ಮೇಲೆ ನಾಬ್ ಗಡಿಯಾರದ ಒಂಬತ್ತರ ಜಾಗ ದಾಟಬಾರದು ಎಂದು ಮಗಳಿಗೂ ನನಗೂ ಒಪ್ಪಂದ. ಮೊನ್ನೆ ಹಿತ್ತಲ ಬೇಲಿಯ ಬಳಿ ಸಿಕ್ಕ ಅಜ್ಜಿ ಕೇಳಿದರು: "ಯಾಕೆ, ನಿಮ್ಮ ಮಗಳು ಗಿಟಾರ್ ಬಿಟ್ಟುಬಿಟ್ಟಳಾ?"