ನಿಮಗಿದು ಗೊತ್ತೆ? ಹಳ್ಳಿಯ ಮತ ಆಳಿಗೋ, ಗುರುತಿಗೋ?

ನಂಜನಗೂಡಿನಲ್ಲಿ ಒಂದೇ ಜೋಡಿ ಎರಡು ಬಾರಿ ಎದುರಾಯಿತು. 2013ರಲ್ಲಿ ಕಾಂಗ್ರೆಸ್‌ನ ವಿ. ಶ್ರೀನಿವಾಸಪ್ರಸಾದ್ ಅವರು ಜೆಡಿಎಸ್‌ನ ಕಳಲೆ ಕೇಶವಮೂರ್ತಿ ಅವರನ್ನು ಸೋಲಿಸಿದರು. 2017ರ ಏಪ್ರಿಲ್‌ನ ಉಪಚುನಾವಣೆ ಹೊತ್ತಿಗೆ ಪ್ರಸಾದ್ ಬಿಜೆಪಿಯಲ್ಲಿದ್ದರು, ಕೇಶವಮೂರ್ತಿ ಕಾಂಗ್ರೆಸ್‌ನಲ್ಲಿ. ಜೆಡಿಎಸ್ ಕಣದಲ್ಲೇ ಇರಲಿಲ್ಲ. ಕೇಶವಮೂರ್ತಿ 21,334 ಮತಗಳಿಂದ ಗೆದ್ದರು. ಆಳು ಬದಲಾದರೂ ಎರಡು ಸಲವೂ ಗೆದ್ದದ್ದು ಕಾಂಗ್ರೆಸ್‌ನ ಕೈ ಗುರುತೇ!

ಹಾಗೆಂದು ಊರು ಒಂದೇ ಪಕ್ಷದ ಸೊತ್ತೆಂದು ತಿಳಿಯಬೇಡಿ. ಮರುವರ್ಷವೇ ಇಲ್ಲಿ ಬಿಜೆಪಿಯ ಬಿ. ಹರ್ಷವರ್ಧನ್ ಗೆದ್ದರು. 2023ರ ಮಾರ್ಚ್‌ನಲ್ಲಿ ಕಾಂಗ್ರೆಸ್ ನಾಯಕ ಆರ್. ಧ್ರುವನಾರಾಯಣ ಹಠಾತ್ತನೆ ತೀರಿಕೊಂಡರು; ಆ ವರ್ಷದ ಚುನಾವಣೆಯಲ್ಲಿ ಜೆಡಿಎಸ್ ಇಲ್ಲಿ ಅಭ್ಯರ್ಥಿಯನ್ನೇ ನಿಲ್ಲಿಸಲಿಲ್ಲ. ಕಾಂಗ್ರೆಸ್‌ನಿಂದ ನಿಂತ ಅವರ ಮಗ ದರ್ಶನ್ 47 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ದುಃಖವೂ ಮತ ಹಾಕುತ್ತದೆ, ಅದನ್ನು ಹಗುರವಾಗಿ ಕಾಣಬಾರದು.

ನೆರೆಯ ತಿ. ನರಸೀಪುರದಲ್ಲಿ ಸಚಿವ ಸ್ಥಾನವೂ ಕಾಯಲಿಲ್ಲ. ಆಗ ಲೋಕೋಪಯೋಗಿ ಸಚಿವರಾಗಿದ್ದ ಕಾಂಗ್ರೆಸ್‌ನ ಎಚ್.ಸಿ. ಮಹದೇವಪ್ಪ 2018ರಲ್ಲಿ ಜೆಡಿಎಸ್‌ನ ಎಂ. ಅಶ್ವಿನ್ ಕುಮಾರ್ ಎದುರು ಸೋತರು. 2023ರಲ್ಲಿ ಅದೇ ಕ್ಷೇತ್ರ ಅವರನ್ನು ಮತ್ತೆ ಆರಿಸಿತು.

ಎರಡೂ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳು. ಅಭ್ಯರ್ಥಿಗಳೆಲ್ಲ ಪರಿಶಿಷ್ಟರೇ ಆದ್ದರಿಂದ ಉಳಿದ ಸಮುದಾಯಗಳ ಒಲವು ಯಾರ ಕಡೆ ಎಂಬುದು ಫಲಿತಾಂಶಕ್ಕೆ ಬಹಳ ಮುಖ್ಯ. ಇನ್ನೊಂದು ಮಾತು: ಈ ಎರಡು ತಾಲ್ಲೂಕುಗಳ ಹಲವು ಹಳ್ಳಿಗಳು ಮತ ಹಾಕುವುದು ವರುಣಾ ಕ್ಷೇತ್ರಕ್ಕೆ; ಹಾಗಾಗಿ ಈ ಫಲಿತಾಂಶಗಳು ಇಲ್ಲಿನ ಎಲ್ಲ ಹಳ್ಳಿಗಳ ಮಾತಲ್ಲ.