ಅಂಗೈಯಲ್ಲಿ ಅಡಗಿದ ಉಸಿರು

೧೯೫೫ರಲ್ಲಿ ಅಮೆರಿಕದ ಹದಿಮೂರು ವರ್ಷದ ಹುಡುಗಿಯೊಬ್ಬಳು ತನ್ನ ತಂದೆಗೆ ಒಂದು ಪ್ರಶ್ನೆ ಹಾಕಿದಳು. ಆಕೆಗೆ ಉಬ್ಬಸದ ಬಾಧೆ. ದಮ್ಮು ಕಟ್ಟಿದಾಗಲೆಲ್ಲ ಗಾಜಿನ ಪುಟ್ಟ ಉಪಕರಣಕ್ಕೆ ಔಷಧ ಹೊಯ್ದು, ಅದರ ರಬ್ಬರ್ ಬುರುಡೆಯನ್ನು ಹಿಚುಕಿ, ಏಳುವ ತುಂತುರನ್ನು ಸೇದಬೇಕಾಗಿತ್ತು. ಗಾಜು ಒಡೆಯುವುದು, ಹಿಚುಕಿದ ಬಲಕ್ಕೆ ತಕ್ಕಂತೆ ಔಷಧದ ಪ್ರಮಾಣವೂ ಹೆಚ್ಚು ಕಡಿಮೆಯಾಗುವುದು. ಕೂದಲಿಗೆ ಸಿಂಪಡಿಸುವ ದ್ರವ್ಯ ಡಬ್ಬಿಯಲ್ಲಿ ಬರುವಂತೆ ತನ್ನ ಔಷಧವೂ ಏಕೆ ಬರಬಾರದು ಎಂಬುದೇ ಅವಳ ಪ್ರಶ್ನೆ.

ತಂದೆ ಜಾರ್ಜ್ ಮೇಸನ್ ಅವರು ಆಗ ರೈಕರ್ ಲ್ಯಾಬೊರೇಟರೀಸ್ ಎಂಬ ಔಷಧ ಸಂಸ್ಥೆಯ ಅಧ್ಯಕ್ಷರು. ನಾವಾಗಿದ್ದರೆ 'ಸುಮ್ಮನಿರು ಮಗು' ಎಂದು ಬಿಡುತ್ತಿದ್ದೆವೇನೋ! ಅವರು ಬಿಡಲಿಲ್ಲ. ಸಂಸ್ಥೆಯ ರಸಾಯನಜ್ಞ ಇರ್ವಿಂಗ್ ಪೋರುಷ್ ಕೆಲಸಕ್ಕೆ ತೊಡಗಿದರು. ಅತ್ತರಿನ ಸೀಸೆಗಳಿಗಾಗಿ ರಚಿಸಿದ್ದ, ಒತ್ತಿದಾಗಲೆಲ್ಲ ಒಂದೇ ಅಳತೆಯ ದ್ರವವನ್ನು ಬಿಡುವ ಕವಾಟವು ನೆರವಿಗೆ ಒದಗಿತು. ೧೯೫೬ರಲ್ಲಿಯೇ 'ಮೆಡಿಹೇಲರ್' ಹೊರಬಂದಿತು. ಇಂದು ಔಷಧದ ಅಂಗಡಿಗಳಲ್ಲಿ ದೊರೆಯುವ ಒತ್ತಿ ಸೇದುವ ಇನ್ಹೇಲರ್ ಅದರ ವಂಶದ್ದೇ.

ಔಷಧವನ್ನು ಉಸಿರಿನೊಡನೆ ಸೇದುವ ಪದ್ಧತಿಯೇನೋ ಹಳೆಯದು. ದತ್ತೂರಿಯ ಹೊಗೆಯ ಚಿಕಿತ್ಸೆ ೧೯ನೆಯ ಶತಮಾನದ ಆರಂಭದಲ್ಲಿ ನಮ್ಮ ಮದರಾಸಿನಿಂದಲೇ ಇಂಗ್ಲೆಂಡಿಗೆ ಹೋಯಿತು. ಆದರೆ ಹೊಗೆಗೆ ಅಳತೆಯೆಲ್ಲಿ? ದತ್ತೂರಿಯೋ, ವಿಷ. ಹೊಸ ಡಬ್ಬಿಯ ಹಿರಿಮೆ ಇರುವುದೇ ಅಳತೆಯಲ್ಲಿ.

ಡಬ್ಬಿಯೊಳಗೆ ಒತ್ತಡದಿಂದ ದ್ರವವಾಗಿಸಿದ ಅನಿಲ, ಅದರೊಡನೆ ಔಷಧ. ಕವಾಟದಲ್ಲಿ ಒಂದು ಕಿರುಕೋಣೆ. ಡಬ್ಬಿಯನ್ನು ಒತ್ತಿದೊಡನೆ ಕೋಣೆಯ ಒಳಬಾಗಿಲು ಮುಚ್ಚಿ ಹೊರಬಾಗಿಲು ತೆರೆಯುತ್ತದೆ. ಒತ್ತಡ ಕಳೆದುಕೊಂಡ ದ್ರವವು ಕ್ಷಣಾರ್ಧದಲ್ಲಿ ಕುದಿದು ಆವಿಯಾಗಿ, ಔಷಧವನ್ನು ಸೂಕ್ಷ್ಮ ಕಣಗಳಾಗಿ ಚೆಲ್ಲುತ್ತದೆ. ಬೆರಳು ತೆಗೆದರೆ ಕೋಣೆ ಮತ್ತೆ ತುಂಬುತ್ತದೆ. ಮೊದಲು ಬಳಸುತ್ತಿದ್ದ ಅನಿಲಗಳು ಓಜೋನ್ ಪದರಕ್ಕೆ ಹಾನಿಕರವೆಂದು ತಿಳಿದು, ೧೯೮೭ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಬೇರೆಯವು ಬಂದವು.

ಕಣದ ಗಾತ್ರ ಬಹು ಮುಖ್ಯ. ದಪ್ಪ ಕಣ ಗಂಟಲಿಗೇ ಬಡಿದು ನಿಲ್ಲುವುದು. ಅತಿ ಸಣ್ಣದು ಉಸಿರಿನೊಡನೆ ಹೊರಟುಹೋಗುವುದು. ಮೀಟರಿನ ಹತ್ತು ಲಕ್ಷದ ಒಂದು ಭಾಗದಿಂದ ಐದು ಭಾಗದವರೆಗಿನ ಕಣಗಳೇ ಶ್ವಾಸಕೋಶಕ್ಕೆ ಇಳಿಯಬಲ್ಲವು. ಇಷ್ಟೆಲ್ಲ ಯುಕ್ತಿಯೂ ಸೇದುವವರು ಅವಸರಪಟ್ಟರೆ ವ್ಯರ್ಥ. ಡಬ್ಬಿಯನ್ನು ಕುಲುಕಿ, ಉಸಿರನ್ನು ಪೂರ್ಣವಾಗಿ ಹೊರಬಿಟ್ಟು, ಮೆಲ್ಲನೆ ಒಳಗೆಳೆಯಲು ತೊಡಗಿದಾಗಲೇ ಒತ್ತಬೇಕು. ಬಳಿಕ ಹತ್ತೆಣಿಸುವವರೆಗೆ ಬಿಗಿಹಿಡಿಯಬೇಕು. ಮಕ್ಕಳಿಗೆ ಈ ಹೊಂದಿಕೆ ಕಷ್ಟ. ಅವರಿಗೆ ಸ್ಪೇಸರ್ ಎಂಬ ಪೊಳ್ಳು ಕೊಳವೆಯುಂಟು. ತುಂತುರು ಅದರಲ್ಲಿ ತುಸು ತಂಗಿರುವುದರಿಂದ ಮಗು ನಿಧಾನವಾಗಿ ಸೇದಬಹುದು.

ನಮ್ಮ ಮನೆಗಳಲ್ಲಿ ಈ ಡಬ್ಬಿಯ ವಿಷಯದಲ್ಲಿ ಇರುವ ಭೀತಿ ಮಾತ್ರ ವಿಚಿತ್ರ. ಒಮ್ಮೆ ಹಿಡಿದರೆ ಚಟವಾಗುವುದಂತೆ; ಮಾತ್ರೆಯೇ ಮೇಲಂತೆ! ಮದುವೆಗೆ ಬಂದ ಮಗಳ ಇನ್ಹೇಲರನ್ನು ಬೀಗರ ಕಣ್ಣಿಗೆ ಬೀಳದಂತೆ ಬಚ್ಚಿಡುವ ತಾಯಂದಿರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ ೪ ಮಿಲಿಗ್ರಾಮ್ ಔಷಧವಿದ್ದರೆ, ಇನ್ಹೇಲರಿನ ಒಂದು ಒತ್ತಿಗೆ ಬರುವುದು ೧೦೦ ಮೈಕ್ರೊಗ್ರಾಮ್. ಅಂದರೆ ನಲವತ್ತನೆಯ ಒಂದು ಪಾಲು. ಮಾತ್ರೆ ರಕ್ತದೊಡನೆ ಮೈಯೆಲ್ಲ ಸುತ್ತಬೇಕು. ಇದು ನೇರವಾಗಿ ಬೇನೆಯಿರುವಲ್ಲಿಗೇ ಹೋಗುತ್ತದೆ.

ಹಾಗೆಂದು ಮನಬಂದಂತೆ ಸೇದುವುದೂ ಸಲ್ಲ. ೧೯೬೦ರ ದಶಕದಲ್ಲಿ ಬ್ರಿಟನ್ನಿನಲ್ಲಿ ಉಬ್ಬಸದಿಂದ ಸಾಯುವವರು ಹೆಚ್ಚಿದಾಗ, ಹಲವು ತಜ್ಞರು ಐಸೊಪ್ರಿನಲಿನ್ ಇನ್ಹೇಲರುಗಳ ಅತಿಬಳಕೆಯತ್ತ ಬೆರಳು ತೋರಿಸಿದರು. ಸಾಲ್ಬುಟಮಾಲ್ ನಂಥವು ಬಿಗಿದ ಶ್ವಾಸನಾಳವನ್ನು ಆ ಹೊತ್ತಿಗೆ ಸಡಿಲಿಸುತ್ತವೆ, ಅಷ್ಟೆ. ಒಳಗಿನ ಊತವನ್ನು ಇಳಿಸುವುದು ಸ್ಟಿರಾಯ್ಡ್ ಇನ್ಹೇಲರ್. ಸುಖವಾಗಿರುವ ದಿನವೂ ಅದನ್ನು ವೈದ್ಯರು ಹೇಳಿದಂತೆ ಸೇದಬೇಕು, ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು. ಸುಖವಾಗಿದ್ದೇನಲ್ಲ ಎಂದು ಅದನ್ನೇ ಮೊದಲು ಬಿಡುವವರು ಬಹಳ.

ಇನ್ನೊಂದು ಸಂಗತಿ. ಕುಲುಕಿದಾಗ ಸದ್ದು ಬಂದಿತೆಂದ ಮಾತ್ರಕ್ಕೆ ಡಬ್ಬಿಯಲ್ಲಿ ಔಷಧವಿದೆಯೆಂದು ನಂಬಬಾರದು. ಔಷಧ ಮುಗಿದ ಮೇಲೂ ಅನಿಲ ಉಳಿದಿರುತ್ತದೆ. ಎಣಿಕೆ ತೋರಿಸುವ ಕಿಂಡಿಯಿಲ್ಲದಿದ್ದರೆ, ಡಬ್ಬಿಯ ಮೇಲೆ ನಮೂದಿಸಿದಷ್ಟು ಒತ್ತುಗಳನ್ನು ಮನೆಯವರೇ ಕ್ಯಾಲೆಂಡರಿನಲ್ಲಿ ಗುರುತುಹಾಕಿ ಎಣಿಸಿಕೊಳ್ಳಬೇಕು.